ಒಂದೇ ಪ್ರತಿಕಾಯ, ಎರಡು ಹಂಬಲ

ಅಮೆರಿಕದ ಡೆನ್ವರ್ ನಗರದಲ್ಲಿ ಮಾರಿಸ್ ಬಾಸ್ಕಿನ್ ಎಂಬ ವೈದ್ಯರು ಇಪ್ಪತ್ತು ಮಂದಿ ಹೆಂಗಸರಿಗೆ ಅವರವರ ಗಂಡಂದಿರ ವೀರ್ಯವನ್ನೇ ಚುಚ್ಚುಮದ್ದಾಗಿ ಕೊಟ್ಟರು. ಅದರ ವರದಿ ಪ್ರಕಟವಾದದ್ದು 1932ರಲ್ಲಿ. ಆ ಹೆಂಗಸರೆಲ್ಲ ಒಂದಾದರೂ ಮಗು ಹೆತ್ತವರು. ಅವರ ಮೈ ವೀರ್ಯಾಣುಗಳನ್ನು ಹೊರಗಿನ ಶತ್ರುವೆಂದು ಗುರುತಿಸಬೇಕು, ಅವುಗಳ ವಿರುದ್ಧ ಪ್ರತಿಕಾಯ ತಯಾರಿಸಬೇಕು, ಆಮೇಲೆ ಸಹಜವಾಗಿ ಒಳಬರುವ ವೀರ್ಯಾಣುವೂ ಆ ಪ್ರತಿಕಾಯದ ಕೈಗೆ ಸಿಕ್ಕಿ ಸೋಲಬೇಕು ಎಂಬುದು ಲೆಕ್ಕಾಚಾರ. ಒಂದು ವರ್ಷದ ತನಕ ಯಾರೂ ಬಸಿರಾಗಲಿಲ್ಲವೆಂದು ಬಾಸ್ಕಿನ್ ಬರೆದರು. 1937ರಲ್ಲಿ ಈ ಮದ್ದಿಗೆ ಅಮೆರಿಕದ ಪೇಟೆಂಟ್ ಕೂಡ ಸಿಕ್ಕಿತು.

ಇಂದು ಓದುವಾಗ ಈ ಪ್ರಯೋಗ ಗಾಬರಿ ಹುಟ್ಟಿಸುತ್ತದೆ. ಪ್ರತಿಕಾಯ ಒಮ್ಮೆ ಹುಟ್ಟಿದರೆ ಎಷ್ಟು ಕಾಲ ಉಳಿಯುತ್ತದೆ, ಮುಂದೆ ಇನ್ನೊಂದು ಮಗು ಬೇಕೆನಿಸಿದರೆ ಆ ಹೆಂಗಸು ಏನು ಮಾಡಬೇಕು ಎಂಬುದಕ್ಕೆ ಆಗ ಯಾರ ಬಳಿಯೂ ಉತ್ತರವಿರಲಿಲ್ಲ. ಆದರೂ ಆ ಕಾಲವನ್ನು ನೆನೆಯದೆ ತೀರ್ಪು ಕೊಡುವುದು ಸರಿಯಲ್ಲ. ಗರ್ಭನಿರೋಧಕ ಗುಳಿಗೆ ಬರಲು ಇನ್ನೂ ಸುಮಾರು ಮೂರು ದಶಕ ಬಾಕಿಯಿತ್ತು. ಹೆರಿಗೆಯ ಮೇಲೆ ಹೆರಿಗೆಯಾಗಿ ಸೋತ ಹೆಂಗಸರು ಎಲ್ಲ ದೇಶಗಳಲ್ಲೂ ಇದ್ದರು. ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ಸರ್ಕಾರವೇ ತೆರೆಯಬೇಕೆಂದು ಮೈಸೂರು ಸಂಸ್ಥಾನ ಆದೇಶ ಹೊರಡಿಸಿದ್ದು 1930ರಲ್ಲಿ, ಅಂದರೆ ಬಾಸ್ಕಿನ್ ವರದಿಗೆ ಎರಡೇ ವರ್ಷ ಮೊದಲು. ಸರ್ಕಾರವೊಂದು ಈ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲೇ ಅದು ಮೊದಲೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಸೋವಿಯತ್ ಒಕ್ಕೂಟದಲ್ಲೂ 1920ರ ದಶಕದಲ್ಲಿ ವೀರ್ಯಾಣುವಿನ ಚುಚ್ಚುಮದ್ದಿನ ಪ್ರಯೋಗಗಳು ನಡೆದಿದ್ದವು. ಉಪಾಯ ಹುಡುಕುತ್ತಿದ್ದವರು ಬಾಸ್ಕಿನ್ ಒಬ್ಬರೇ ಅಲ್ಲ.

ವೀರ್ಯಾಣು ವಿರೋಧಿ ಪ್ರತಿಕಾಯದ ಚರಿತ್ರೆಯುದ್ದಕ್ಕೂ ಎರಡು ಹಂಬಲಗಳು ಅಕ್ಕಪಕ್ಕ ನಡೆದಿವೆ. ಮಗು ಬೇಡವೆನ್ನುವವರ ಮೈಯಲ್ಲಿ ಈ ಪ್ರತಿಕಾಯವನ್ನು ಹುಟ್ಟಿಸಬೇಕೆಂದು ಕೆಲವರು ದುಡಿದರು. ಮಗುವಿಗಾಗಿ ಹಾತೊರೆಯುವವರ ಮೈಯಿಂದ ಅದನ್ನು ಕಳೆಯಬೇಕೆಂದು ಇನ್ನು ಕೆಲವರು ದುಡಿದರು. ಕೆಲವೊಮ್ಮೆ ಎರಡೂ ಕೆಲಸ ಮಾಡಿದ್ದು ಒಂದೇ ಪ್ರಯೋಗಾಲಯ. ಒಂದು ಬಣ ಕಂಡುಕೊಂಡದ್ದು ಇನ್ನೊಂದು ಬಣಕ್ಕೆ ಬೇಕಾಯಿತು. ಎರಡೂ ಬಣಗಳು ಮತ್ತೆ ಮತ್ತೆ ಎಡವಿದ ಜಾಗವೂ ಒಂದೇ: ರಕ್ತದಲ್ಲಿ ಪ್ರತಿಕಾಯ ಕಂಡ ಮಾತ್ರಕ್ಕೆ ಅದು ಗರ್ಭವನ್ನು ತಡೆಯುತ್ತದೆ ಎಂದುಕೊಂಡದ್ದು.

ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟೊನಿ ವಾನ್ ಲೇವನ್‌ಹುಕ್ ತಾನೇ ಮಾಡಿದ ಸೂಕ್ಷ್ಮದರ್ಶಕದಲ್ಲಿ ವೀರ್ಯಾಣುವನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದದ್ದು 1677ರಲ್ಲಿ. ಮೈಯ ರಕ್ಷಣಾ ಪಡೆ ಆ ಪುಟ್ಟ ಜೀವಕೋಶದ ಮೇಲೆ ತಿರುಗಿ ಬೀಳಬಹುದೆಂಬ ಯೋಚನೆ ಬರಲು ಇನ್ನೂ ಇನ್ನೂರ ಇಪ್ಪತ್ತೆರಡು ವರ್ಷ ಬೇಕಾಯಿತು. 1899ರಲ್ಲಿ ಎರಡು ಕಡೆಯಿಂದ ಒಟ್ಟಿಗೆ ಸುದ್ದಿ ಬಂತು. ವಿಯೆನ್ನಾದಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ಗಿನಿಪಿಗ್‌ಗಳ ಹೊಟ್ಟೆಯೊಳಕ್ಕೆ ಹೋರಿಯ ವೀರ್ಯಾಣುಗಳನ್ನು ಚುಚ್ಚಿ ನೋಡಿದರು. ಮೊದಲೇ ಚುಚ್ಚಿಸಿಕೊಂಡಿದ್ದ ಗಿನಿಪಿಗ್‌ನ ಹೊಟ್ಟೆಗೆ ಮತ್ತೆ ಹಾಕಿದಾಗ ಆ ವೀರ್ಯಾಣುಗಳು ಬೇಗನೆ ಚಲನೆ ಕಳೆದುಕೊಂಡವು. ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯಲ್ಲಿ ಇಲ್ಯಾ ಮೆಚ್ನಿಕೋವ್ ಕೂಡ ಅದೇ ವರ್ಷ ಅದೇ ಬಗೆಯ ಫಲಿತಾಂಶ ಪಡೆದರು. ಮುಂದೆ ಇಬ್ಬರಿಗೂ ನೊಬೆಲ್ ಬಂತು. ಜೀವಕೋಶಗಳು ರೋಗಾಣುಗಳನ್ನು ನುಂಗುವ ಬಗೆಯನ್ನು ತೋರಿಸಿದ್ದಕ್ಕೆ ಮೆಚ್ನಿಕೋವ್‌ಗೆ 1908ರಲ್ಲಿ, ರಕ್ತದ ಗುಂಪುಗಳನ್ನು ಕಂಡುಹಿಡಿದದ್ದಕ್ಕೆ ಲ್ಯಾಂಡ್‌ಸ್ಟೈನರ್‌ಗೆ 1930ರಲ್ಲಿ. ವೀರ್ಯಾಣುವಿನ ಪ್ರಯೋಗ ಇಬ್ಬರ ಬದುಕಿನಲ್ಲೂ ಒಂದು ಅಡಿಟಿಪ್ಪಣಿಯಷ್ಟೇ ಆಗಿ ಉಳಿಯಿತು.

ಹೋರಿಯ ವೀರ್ಯಾಣು ಗಿನಿಪಿಗ್‌ಗೆ ಪರಕೀಯವಾಗುವುದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯದ ಮಾತು ಮರುವರ್ಷ ಬಂತು. ಪಾಸ್ಚರ್ ಸಂಸ್ಥೆಯಲ್ಲೇ ಇದ್ದ ಮೆಟಾಲ್ನಿಕೋವ್, ಗಿನಿಪಿಗ್‌ಗೆ ಗಿನಿಪಿಗ್‌ನ ವೀರ್ಯಾಣುವನ್ನೇ ಚುಚ್ಚಿದರು. ಆಗ ಹುಟ್ಟಿದ ಪ್ರತಿಕಾಯ ಆ ಪ್ರಾಣಿಯ ಸ್ವಂತ ವೀರ್ಯಾಣುಗಳನ್ನೂ ಗಾಜಿನ ಮೇಲೆ ನಿಶ್ಚಲಗೊಳಿಸಿತು. ಮೈ ತನ್ನದೇ ಅಂಗಾಂಶದ ಮೇಲೆ ಆಯುಧ ಎತ್ತಬಲ್ಲದು ಎಂಬುದಕ್ಕೆ ಸಿಕ್ಕ ತೀರ ಮೊದಲ ಪುರಾವೆಗಳಲ್ಲಿ ಇದೂ ಒಂದು. ಅದೇ ಹೊತ್ತಿಗೆ ಜರ್ಮನಿಯ ಪಾಲ್ ಎರ್ಲಿಕ್ ಇದಕ್ಕೆ ವಿರುದ್ಧವಾದ ಸಿದ್ಧಾಂತವನ್ನು ಕಟ್ಟುತ್ತಿದ್ದರು. ಸ್ವಂತ ಮೈಗೆ ವಿಷವಾಗುವುದಕ್ಕೆ ಜೀವಿ ಅಂಜುತ್ತದೆ, ಹಾಗಾಗದಂತೆ ತಡೆಯುವ ಏರ್ಪಾಡು ಒಳಗೇ ಇದೆ ಎಂಬುದು ಅವರ ವಾದ. ಮೆಟಾಲ್ನಿಕೋವ್ ಕಂಡದ್ದನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ಅದೇ ಗಿನಿಪಿಗ್‌ನ ಒಳಗೆ, ವೀರ್ಯಾಣುಗಳು ಶೇಖರವಾಗುವ ಜಾಗದಲ್ಲಿ, ಅವು ಬದುಕಿ ಓಡಾಡುತ್ತಿದ್ದವು. ಗಾಜಿನ ಮೇಲೆ ಕೊಲ್ಲುವ ಪ್ರತಿಕಾಯ ಮೈಯೊಳಗೆ ಏನೂ ಮಾಡದಿದ್ದರೆ ಅದನ್ನು ನಿಜವಾದ ವಿಷವೆಂದು ಹೇಗೆ ಕರೆಯುವುದು ಎಂದು ಎರ್ಲಿಕ್ ಕೇಳಿದರು.

ಎರ್ಲಿಕ್ ಸಿದ್ಧಾಂತ ಮುಂದೆ ಅಪೂರ್ಣವೆಂದು ತೋರಿಬಂತು. ಆದರೆ ಅವರು ಕೇಳಿದ ಪ್ರಶ್ನೆ ಇಡೀ ಇಪ್ಪತ್ತನೆಯ ಶತಮಾನದ ಪ್ರಶ್ನೆಯಾಗಬೇಕಿತ್ತು. ಆಗಲಿಲ್ಲ. ಅದನ್ನು ಮರೆತ ಬೆಲೆಯನ್ನು ತೆತ್ತವರು ಮಕ್ಕಳಿಲ್ಲದ ದಂಪತಿಗಳು.

ಗಂಡಸಿನ ಮೈಗೆ ತನ್ನದೇ ವೀರ್ಯಾಣು ಪರಕೀಯವೇಕೆ ಎಂಬುದಕ್ಕೆ ಉತ್ತರ ಅದು ಹುಟ್ಟುವ ಸಮಯದಲ್ಲಿದೆ. ಯಾವುದು ನಮ್ಮದು, ಯಾವುದು ಹೊರಗಿನದು ಎಂಬ ಪಾಠವನ್ನು ರೋಗನಿರೋಧಕ ವ್ಯವಸ್ಥೆ ಬಹುಮಟ್ಟಿಗೆ ಕಲಿತು ಮುಗಿಸುವುದು ಎಳೆತನದಲ್ಲಿ. ವೀರ್ಯಾಣುಗಳು ತಯಾರಾಗುವುದು ಪ್ರಾಯಕ್ಕೆ ಬಂದ ಮೇಲೆ. ಅವುಗಳ ಮೈಮೇಲಿನ ಹಲವು ಪ್ರೋಟೀನುಗಳನ್ನು ರೋಗನಿರೋಧಕ ಕಣಗಳು ಆ ಮುಂಚೆ ನೋಡಿಯೇ ಇರುವುದಿಲ್ಲ. ಹಾಗಾದರೆ ಹುಡುಗ ಪ್ರಾಯಕ್ಕೆ ಬಂದ ದಿನವೇ ಯುದ್ಧ ಶುರುವಾಗಬೇಕಿತ್ತು. ಅದನ್ನು ತಪ್ಪಿಸುವುದು ವೃಷಣದೊಳಗಿನ ಸರ್ಟೋಲಿ ಜೀವಕೋಶಗಳು. ಇಟಲಿಯ ಎನ್ರಿಕೊ ಸರ್ಟೋಲಿ ಇವುಗಳನ್ನು ವಿವರಿಸಿದ್ದು 1865ರಲ್ಲಿ. ಇವು ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಂಡು, ಬೆಳೆಯುತ್ತಿರುವ ವೀರ್ಯಾಣುಗಳನ್ನು ರಕ್ತದಿಂದ ಬೇರ್ಪಡಿಸುವ ತಡೆಯಾಗುತ್ತವೆ. ಈ ತಡೆಯ ರಚನೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮಾರ್ಟಿನ್ ಡಿಮ್ ಮತ್ತು ಡಾನ್ ಫಾಸೆಟ್ 1970ರಲ್ಲಿ ತೋರಿಸಿದರು. ತಡೆಯೊಂದೇ ಸಾಲದು, ವೃಷಣದಿಂದ ಕೆಲವು ಪ್ರೋಟೀನುಗಳು ಸ್ವಲ್ಪ ಸ್ವಲ್ಪವಾಗಿ ಹೊರಗೆ ಸೋರುತ್ತಲೇ ಇದ್ದು ರೋಗನಿರೋಧಕ ವ್ಯವಸ್ಥೆಗೆ ಸಹನೆಯನ್ನು ಕಲಿಸುತ್ತವೆ ಎಂದು 2017ರ ಇಲಿಗಳ ಅಧ್ಯಯನವೊಂದು ತೋರಿಸಿತು.

ಈ ಏರ್ಪಾಡು ಮುರಿದರೆ ಏನಾಗುತ್ತದೆ ಎಂಬುದನ್ನು ಜೂಲ್ಸ್ ಫ್ರಾಯಿಂಡ್ ಮತ್ತು ಸಂಗಡಿಗರು 1953ರಲ್ಲಿ ಗಿನಿಪಿಗ್‌ಗಳಲ್ಲಿ ತೋರಿಸಿದರು. ವೃಷಣದ ಅಂಗಾಂಶವನ್ನು ರೋಗನಿರೋಧಕ ಶಕ್ತಿಯನ್ನು ಕೆರಳಿಸುವ ದ್ರಾವಣದೊಂದಿಗೆ ಚುಚ್ಚಿದಾಗ ಆ ಪ್ರಾಣಿಗಳಲ್ಲಿ ವೀರ್ಯಾಣು ತಯಾರಿಕೆಯೇ ನಿಂತುಹೋಯಿತು. ಮರುವರ್ಷ, 1954ರಲ್ಲಿ, ಮನುಷ್ಯರ ಸರದಿ ಬಂತು. ನೆದರ್‌ಲ್ಯಾಂಡ್ಸ್‌ನ ಫಿಲಿಪ್ ರುಮ್ಕೆ ಮತ್ತು ಅವರಿಗೆ ಸಂಬಂಧವಿಲ್ಲದೆ ಲೆಸ್ಲಿ ವಿಲ್ಸನ್, ಮಕ್ಕಳಿಲ್ಲದ ಗಂಡಸರ ರಕ್ತದಲ್ಲಿ ಅವರದೇ ವೀರ್ಯಾಣುಗಳನ್ನು ಗುಂಪುಗಟ್ಟಿಸುವ ಪ್ರತಿಕಾಯವನ್ನು ಕಂಡರು. ವೀರ್ಯಾಣುಗಳು ತಲೆಗೆ ತಲೆ, ಬಾಲಕ್ಕೆ ಬಾಲ ಅಂಟಿಕೊಂಡು ಮುಂದೆ ಹೋಗಲಾರದೆ ನಿಂತಿದ್ದವು.

ಆ ಕಾಲದ ಪರೀಕ್ಷೆ ತೀರ ಸರಳ. 1952ರಲ್ಲಿ ಕಿಬ್ರಿಕ್ ಮತ್ತು ಸಂಗಡಿಗರು ರೂಪಿಸಿದ್ದು. ಸಣ್ಣ ಗಾಜಿನ ಕೊಳವೆಯಲ್ಲಿ ಜೆಲಾಟಿನ್ ದ್ರಾವಣದ ಜೊತೆ ವೀರ್ಯಾಣುಗಳನ್ನು ಬೆರೆಸಿ, ಪರೀಕ್ಷಿಸಬೇಕಾದವರ ರಕ್ತಸಾರ ಹಾಕಿಡುತ್ತಿದ್ದರು. ಪ್ರತಿಕಾಯವಿದ್ದರೆ ಬಿಳಿಯ ಹರಳುಗಳಂತಹ ಗಂಟುಗಳು ಬರಿಗಣ್ಣಿಗೇ ಕಾಣುತ್ತಿದ್ದವು. ಇದೇ ಪರೀಕ್ಷೆ ಹಿಡಿದು ರುಮ್ಕೆ, ಹೆಲಿಂಗಾ ಎಂಬ ವೈದ್ಯರ ಜೊತೆ ಸುಮಾರು ಎರಡು ಸಾವಿರ ಮಕ್ಕಳಿಲ್ಲದ ಗಂಡಸರನ್ನು ಪರೀಕ್ಷಿಸಿದರು. 1959ರ ಆ ವರದಿಯ ಪ್ರಕಾರ ನೂರಕ್ಕೆ ಮೂವರಲ್ಲಿ ಪ್ರತಿಕಾಯವಿತ್ತು. ಸಂಖ್ಯೆ ಚಿಕ್ಕದು. ಆದರೆ ಅಲ್ಲಿಯವರೆಗೆ ಯಾವ ಕಾರಣವೂ ಸಿಗದೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತಿದ್ದ ಕೆಲವರಿಗಾದರೂ ಒಂದು ಕಾರಣ ಸಿಕ್ಕಂತಾಯಿತು. ಅದಕ್ಕಿಂತ ದೊಡ್ಡ ಮಾತೆಂದರೆ, ತೊಂದರೆ ಗಂಡಸಿನ ರಕ್ತದಲ್ಲೂ ಇರಬಹುದೆಂದು ಒಂದು ಗಾಜಿನ ಕೊಳವೆ ಹೇಳಿತು. ಮಕ್ಕಳಾಗದ ಮನೆಯಲ್ಲಿ ಬೆರಳು ಮೊದಲು ಸೊಸೆಯತ್ತ ಹೋಗುವ ಊರುಗಳಲ್ಲಿ ಈ ಸುದ್ದಿ ಬೇಗ ಹರಡಬೇಕಿತ್ತು.

ರುಮ್ಕೆಯವರ ದೊಡ್ಡತನವೆಂದರೆ ಅವರು ಅಲ್ಲಿಗೆ ನಿಲ್ಲಲಿಲ್ಲ. ಪ್ರತಿಕಾಯ ಕಂಡ 254 ಗಂಡಸರನ್ನು ವರ್ಷಗಟ್ಟಲೆ ಗಮನಿಸಿ 1974ರಲ್ಲಿ ಬರೆದರು. ಪ್ರತಿಕಾಯದ ಪ್ರಮಾಣ ಹೆಚ್ಚಿದ್ದಷ್ಟೂ ಮಕ್ಕಳಾದವರು ಕಡಿಮೆ. ಪ್ರಮಾಣ ಕಡಿಮೆಯಿದ್ದವರಲ್ಲಿ ಹಲವರಿಗೆ ಯಾವ ಚಿಕಿತ್ಸೆಯೂ ಇಲ್ಲದೆ ಮಕ್ಕಳಾಗಿದ್ದವು. ಇದೆಯೇ ಇಲ್ಲವೇ ಎಂದು ಕೇಳಿದರೆ ಸಾಲದು, ಎಷ್ಟಿದೆ ಎಂದೂ ಕೇಳಬೇಕು ಎಂಬುದು ಆ ತಾಳ್ಮೆಯ ಕೆಲಸದ ಫಲ.

ಹೆಂಗಸರ ವಿಷಯದಲ್ಲಿ ಮೊದಮೊದಲು ಇಂಥ ತಾಳ್ಮೆ ಯಾರೂ ತೋರಿಸಲಿಲ್ಲ. 1964ರಲ್ಲಿ ಅಮೆರಿಕದ ಫ್ರಾಂಕ್ಲಿನ್ ಮತ್ತು ಡ್ಯೂಕ್ಸ್ ಎಂಬ ಸಂಶೋಧಕರು, ಕಾರಣ ತಿಳಿಯದ ಬಂಜೆತನವಿರುವ ಹೆಂಗಸರಲ್ಲಿ ನೂರಕ್ಕೆ 72 ಮಂದಿಯ ರಕ್ತದಲ್ಲಿ ವೀರ್ಯಾಣುಗಳನ್ನು ಗುಂಪುಗಟ್ಟಿಸುವ ಶಕ್ತಿ ಇದೆಯೆಂದು ಬರೆದರು. ಇದು ಬಿರುಗಾಳಿ ಎಬ್ಬಿಸಿತು. ಕಾರಣವೇ ಇಲ್ಲ ಎನ್ನುತ್ತಿದ್ದ ಕಡೆ ಮುಕ್ಕಾಲು ಪಾಲಿಗೆ ಕಾರಣ ಸಿಕ್ಕಿಬಿಟ್ಟಂತಾಯಿತು. ಪರಿಹಾರವೂ ಅಷ್ಟೇ ಸುಲಭದ್ದು: ಕೆಲವು ತಿಂಗಳು ಕಾಂಡೋಮ್ ಬಳಸಿ, ವೀರ್ಯಾಣುವಿನ ಸಂಪರ್ಕ ತಪ್ಪಿದರೆ ಪ್ರತಿಕಾಯ ಇಳಿಯುತ್ತದೆ, ಆಮೇಲೆ ಪ್ರಯತ್ನಿಸಿ. ಮಗುವಿಗಾಗಿ ಕಾಯುತ್ತಿದ್ದ ದಂಪತಿಗಳಿಗೆ ಗರ್ಭನಿರೋಧಕ ಬಳಸಲು ಹೇಳಲಾಯಿತು. ಈ ಸಲಹೆ ಎಷ್ಟೋ ವರ್ಷ ವೈದ್ಯರ ಬಾಯಲ್ಲಿತ್ತು.

ಬೇರೆ ಪ್ರಯೋಗಾಲಯಗಳು ಆ ಅಂಕಿಯನ್ನು ಮರಳಿ ಪಡೆಯಲು ಹೋದವು, ಸಿಗಲಿಲ್ಲ. ಹೆಂಗಸರ ರಕ್ತಸಾರದಲ್ಲಿ ವೀರ್ಯಾಣುಗಳನ್ನು ಅಂಟಿಸಬಲ್ಲ ವಸ್ತುಗಳೆಲ್ಲ ಪ್ರತಿಕಾಯಗಳಲ್ಲ. ಪ್ರತಿಕಾಯಕ್ಕೆ ಸಂಬಂಧವೇ ಇಲ್ಲದ ಕೊಬ್ಬು ಬೆರೆತ ಪ್ರೋಟೀನುಗಳೂ ಆ ಕೆಲಸ ಮಾಡುತ್ತವೆಂದು ಆಸ್ಟ್ರೇಲಿಯಾದ ಬೆಟ್ಚರ್ ಮತ್ತಿತರರು ತೋರಿಸಿಕೊಟ್ಟರು. ಮಕ್ಕಳಿರುವ ಹೆಂಗಸರಲ್ಲೂ ಅದು ಕಾಣುತ್ತಿತ್ತು. ಸ್ವಲ್ಪ ಯೋಚಿಸಿದ್ದರೆ ಇನ್ನೊಂದು ಅನುಮಾನ ಮೊದಲೇ ಬರಬೇಕಿತ್ತು. ಮದುವೆಯಾದ ಹೆಂಗಸಿನ ಮೈ ವರ್ಷಗಟ್ಟಲೆ ಕೋಟಿಗಟ್ಟಲೆ ಪರಕೀಯ ಜೀವಕೋಶಗಳನ್ನು ಎದುರಿಸುತ್ತದೆ, ಆದರೂ ಬಹುಪಾಲು ಹೆಂಗಸರಲ್ಲಿ ಪ್ರತಿಕಾಯ ಹುಟ್ಟುವುದಿಲ್ಲ. ವೀರ್ಯದ್ರವದಲ್ಲೇ ರೋಗನಿರೋಧಕ ಶಕ್ತಿಯನ್ನು ತಣ್ಣಗಾಗಿಸುವ ಪ್ರೊಸ್ಟಗ್ಲಾಂಡಿನ್‌ನಂತಹ ಅಂಶಗಳಿವೆ. ಸಹನೆ ಅಲ್ಲಿನ ನಿಯಮ, ಪ್ರತಿಕಾಯ ಅಪವಾದ. ಅಪವಾದವನ್ನು ನಿಯಮವೆಂದು ಸಾರಿದ ಆ ವರದಿಯಿಂದ ಎಷ್ಟು ಹೆಂಗಸರು ತಮ್ಮ ರಕ್ತವೇ ತಮ್ಮ ಮಗುವಿಗೆ ಮುಳುವಾಯಿತೆಂದು ಕೊರಗಿದರೋ ಲೆಕ್ಕವಿಟ್ಟವರಿಲ್ಲ.

ಈ ಗೊಂದಲದ ನಡುವೆ ಗಟ್ಟಿ ನೆಲ ಸಿಕ್ಕಿದ್ದು ಜಪಾನಿನಲ್ಲಿ. 1968ರಲ್ಲಿ ಶಿಂಜೊ ಇಸೊಜಿಮಾ ಮತ್ತು ಸಂಗಡಿಗರು ಗುಂಪುಗಟ್ಟುವಿಕೆಯನ್ನು ಬದಿಗಿಟ್ಟು ಬೇರೊಂದು ಪ್ರಶ್ನೆ ಕೇಳಿದರು: ಈ ರಕ್ತಸಾರ ವೀರ್ಯಾಣುವನ್ನು ನಿಲ್ಲಿಸುತ್ತದೆಯೇ? ರಕ್ತಸಾರಕ್ಕೆ ವೀರ್ಯಾಣುಗಳನ್ನೂ ಗಿನಿಪಿಗ್‌ನ ರಕ್ತದಿಂದ ತೆಗೆದ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳನ್ನೂ ಬೆರೆಸಿ, ಎಷ್ಟು ವೀರ್ಯಾಣುಗಳು ಚಲನೆ ಕಳೆದುಕೊಂಡವೆಂದು ಎಣಿಸುವ ಪರೀಕ್ಷೆ ಅದು. ಪ್ರತಿಕಾಯ ವೀರ್ಯಾಣುವಿನ ಮೇಲೆ ಕೂತರೆ ಕಾಂಪ್ಲಿಮೆಂಟ್ ಬಂದು ಅದರ ಪೊರೆಯನ್ನು ತೂತು ಮಾಡುತ್ತದೆ. ಈ ಪರೀಕ್ಷೆಗೆ ಸಿಕ್ಕ ಹೆಂಗಸರು ಬೆರಳೆಣಿಕೆಯವರು. ಆದರೆ ಸಿಕ್ಕವರಲ್ಲಿ ಬಂಜೆತನಕ್ಕೂ ಪ್ರತಿಕಾಯಕ್ಕೂ ಇರುವ ನಂಟು ಗಟ್ಟಿಯಾಗಿತ್ತು.

ಇನ್ನೊಂದು ಮಹತ್ವದ ಕೆಲಸ ನಡೆದದ್ದು ನೆದರ್‌ಲ್ಯಾಂಡ್ಸ್‌ನ ಖ್ರೊನಿಂಗನ್‌ನಲ್ಲಿ. ಯಾನ್ ಕ್ರೆಮರ್ ಮತ್ತು ಸೀಮನ್ ಯಾಗರ್ ರಕ್ತವನ್ನು ಬಿಟ್ಟು ಗರ್ಭಕೊರಳಿನ ಲೋಳೆಯತ್ತ ತಿರುಗಿದರು. ತಿಂಗಳ ನಡುವೆ, ಅಂಡಾಣು ಬಿಡುಗಡೆಯಾಗುವ ದಿನಗಳಲ್ಲಿ ಈ ಲೋಳೆ ತೆಳ್ಳಗಾಗಿ ವೀರ್ಯಾಣುಗಳಿಗೆ ದಾರಿ ಬಿಡುತ್ತದೆ. ಗಾಜಿನ ಮೇಲೆ ಲೋಳೆಯನ್ನೂ ವೀರ್ಯವನ್ನೂ ಬೆರೆಸಿ ನೋಡಿದಾಗ, ಪ್ರತಿಕಾಯವಿಲ್ಲದ ವೀರ್ಯಾಣುಗಳು ನೆಟ್ಟಗೆ ಈಜಿ ಮುಂದೆ ಹೋದವು. ಪ್ರತಿಕಾಯ ಮೆತ್ತಿಕೊಂಡವು ಬಲೆಗೆ ಸಿಕ್ಕ ಮೀನಿನಂತೆ ನಿಂತಲ್ಲೇ ಒದ್ದಾಡಿದವು. ಬದುಕಿವೆ, ಬಾಲ ಬಡಿಯುತ್ತಿವೆ, ಆದರೆ ಒಂದಿಂಚೂ ಸರಿಯುತ್ತಿಲ್ಲ. 1976ರಲ್ಲಿ ಅವರು ಈ ನಡುಕವನ್ನು ವರದಿ ಮಾಡಿದರು. ಪ್ರತಿಕಾಯದ ಒಂದು ತುದಿ ವೀರ್ಯಾಣುವನ್ನು ಹಿಡಿದರೆ ಇನ್ನೊಂದು ತುದಿ ಲೋಳೆಯ ಎಳೆಗಳಿಗೆ ಅಂಟಿಕೊಳ್ಳುತ್ತದೆ. ಲೋಳೆಪೊರೆಗಳಲ್ಲಿ ಹೇರಳವಾಗಿರುವ ಐಜಿಎ ಜಾತಿಯ ಪ್ರತಿಕಾಯ ಈ ಕೆಲಸದಲ್ಲಿ ಮುಂದು.

ಈ ಒಂದು ದೃಶ್ಯದಿಂದ ಹಲವು ಒಗಟುಗಳು ಬಿಡಿಸಿಕೊಂಡವು. ಎಣಿಕೆಯಲ್ಲಿ, ಚಲನೆಯಲ್ಲಿ, ಆಕಾರದಲ್ಲಿ ಯಾವ ಕೊರತೆಯೂ ಇಲ್ಲದ ವೀರ್ಯ ಗರ್ಭಕೋಶದ ಬಾಗಿಲಲ್ಲೇ ಏಕೆ ನಿಂತುಬಿಡುತ್ತದೆ ಎಂಬುದು ತಿಳಿಯಿತು. ರಕ್ತದಲ್ಲಿ ಪ್ರತಿಕಾಯ ತುಂಬಿದ್ದರೂ ಕೆಲವರಿಗೆ ಏಕೆ ಮಕ್ಕಳಾಗುತ್ತವೆ ಎಂಬುದೂ ತಿಳಿಯಿತು. ರಕ್ತದಲ್ಲಿರುವುದೆಲ್ಲ ವೀರ್ಯಕ್ಕೆ ಬರುವುದಿಲ್ಲ. ಗಾತ್ರದಲ್ಲಿ ದೊಡ್ಡದಾದ ಐಜಿಎಂ ಜಾತಿಯ ಪ್ರತಿಕಾಯವಂತೂ ಅಲ್ಲಿಗೆ ದಾಟುವುದೇ ಅಪರೂಪ. ಎರ್ಲಿಕ್ ಕೇಳಿದ್ದ ಪ್ರಶ್ನೆಗೆ ಮುಕ್ಕಾಲು ಶತಮಾನದ ಬಳಿಕ ಕೊನೆಗೂ ಸರಿಯಾದ ಜಾಗದಲ್ಲಿ ಉತ್ತರ ಹುಡುಕಿದಂತಾಯಿತು.

1978ರಲ್ಲಿ ಖ್ರೊನಿಂಗನ್ ತಂಡವೇ ವೀರ್ಯಾಣುವಿನ ಮೈಮೇಲೆ ಪ್ರತಿಕಾಯವಿದೆಯೇ ಎಂದು ನೇರವಾಗಿ ನೋಡುವ ಪರೀಕ್ಷೆಯನ್ನು ತಂದಿತು. ಪ್ರತಿಕಾಯ ಲೇಪಿಸಿದ ಕೆಂಪು ರಕ್ತಕಣಗಳನ್ನು ವೀರ್ಯಕ್ಕೆ ಬೆರೆಸಿ, ಎರಡನ್ನೂ ಬೆಸೆಯಬಲ್ಲ ಇನ್ನೊಂದು ಪ್ರತಿಕಾಯ ಸೇರಿಸುತ್ತಾರೆ. ವೀರ್ಯಾಣುವಿನ ಮೇಲೆ ಪ್ರತಿಕಾಯವಿದ್ದರೆ ಅದು ಕೆಂಪುಕಣವನ್ನು ಹೊತ್ತುಕೊಂಡು ಈಜುತ್ತದೆ. ಕೆಂಪುಕಣಗಳಿಗೆ ಲೇಪ ಹಾಕಲು ಬಳಸಿದ್ದು ಆರ್‌ಎಚ್ ರಕ್ತಗುಂಪಿನ ಗುಣವನ್ನು. ಆರ್‌ಎಚ್ ಅಂಶವನ್ನು 1940ರಲ್ಲಿ ಅಲೆಕ್ಸಾಂಡರ್ ವೀನರ್ ಜೊತೆ ಜಗತ್ತಿಗೆ ತಿಳಿಸಿದವರು ಅದೇ ಲ್ಯಾಂಡ್‌ಸ್ಟೈನರ್. 1980ರ ದಶಕದ ಆರಂಭದಲ್ಲಿ ಅಮೆರಿಕದ ರಿಚರ್ಡ್ ಬ್ರಾನ್ಸನ್ ಮತ್ತು ಸಂಗಡಿಗರು ಕೆಂಪುಕಣದ ಬದಲು ಅತಿಸಣ್ಣ ಮಣಿಗಳನ್ನು ಬಳಸಿದರು. ಮಣಿ ತಲೆಗೆ ಅಂಟಿದೆಯೇ, ಬಾಲದ ತುದಿಗೆ ಅಂಟಿದೆಯೇ ಎಂಬುದೂ ಕಾಣತೊಡಗಿತು. ಬಾಲದ ತುದಿಯ ಪ್ರತಿಕಾಯದಿಂದ ತೊಂದರೆ ಅಷ್ಟಿಲ್ಲ. ತಲೆಯ ಮೇಲಿನದು ಅಂಡಾಣುವಿನ ಹೊರಪೊರೆಗೆ ವೀರ್ಯಾಣು ಅಂಟುವುದನ್ನೂ ಆ ಪೊರೆಯನ್ನು ಕೊರೆಯುವುದನ್ನೂ ತಡೆಯಬಹುದು. ಚಲಿಸುವ ವೀರ್ಯಾಣುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ಮೇಲೆ ಪ್ರತಿಕಾಯ ಕೂತಿದ್ದರೆ ಮಾತ್ರ ಅದನ್ನು ಗಂಭೀರವಾಗಿ ಪರಿಗಣಿಸಬೇಕೆಂಬ ಅಳತೆ ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯಲ್ಲಿ ಬಹುಕಾಲ ಇತ್ತು.

ಈ ಪ್ರತಿಕಾಯವನ್ನು ಅತಿ ಹೆಚ್ಚು ಜನರಲ್ಲಿ ಹುಟ್ಟಿಸಿದ್ದು ಯಾವ ರೋಗವೂ ಅಲ್ಲ, ವ್ಯಾಸೆಕ್ಟಮಿ. ವೀರ್ಯನಾಳವನ್ನು ಕತ್ತರಿಸಿ ಕಟ್ಟಿದ ಮೇಲೂ ವೃಷಣ ವೀರ್ಯಾಣುಗಳನ್ನು ತಯಾರಿಸುತ್ತಲೇ ಇರುತ್ತದೆ. ಹೊರಬರಲಾಗದ ಅವುಗಳನ್ನು ಮೈ ಹೀರಿಕೊಳ್ಳುತ್ತದೆ, ಆ ದಾರಿಯಲ್ಲಿ ರೋಗನಿರೋಧಕ ವ್ಯವಸ್ಥೆಗೆ ಅವುಗಳ ಪರಿಚಯವಾಗುತ್ತದೆ. ಆಪರೇಷನ್ ಮಾಡಿಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡಸರಲ್ಲಿ ಪ್ರತಿಕಾಯ ಹುಟ್ಟುತ್ತದೆಂದು 1971ರಲ್ಲಿ ರೂಡಿ ಆನ್ಸ್‌ಬಾಕರ್ ಅವರ ಅಧ್ಯಯನ ಮತ್ತು ಅನಂತರದವು ತೋರಿಸಿದವು. ಅದೇ 1971ರ ಜುಲೈಯಲ್ಲಿ ಕೇರಳದ ಎರ್ನಾಕುಲಂನಲ್ಲಿ, ಜಿಲ್ಲಾಧಿಕಾರಿ ಎಸ್. ಕೃಷ್ಣಕುಮಾರ್ ಏರ್ಪಡಿಸಿದ ಒಂದು ಬೃಹತ್ ಶಿಬಿರದಲ್ಲಿ 63 ಸಾವಿರಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದಿದ್ದವು, ಹೆಚ್ಚುಕಡಿಮೆ ಎಲ್ಲವೂ ವ್ಯಾಸೆಕ್ಟಮಿ. ತುರ್ತುಪರಿಸ್ಥಿತಿಯ 1976-77ರಲ್ಲಿ ಇಡೀ ದೇಶದಲ್ಲಿ ಸುಮಾರು 62 ಲಕ್ಷ ಗಂಡಸರಿಗೆ ಈ ಆಪರೇಷನ್ ಆಯಿತು, ಹಲವೆಡೆ ಬಲವಂತದಿಂದ. ಅಂದರೆ ವೀರ್ಯಾಣು ವಿರೋಧಿ ಪ್ರತಿಕಾಯವನ್ನು ಮೈಯಲ್ಲಿ ಹೊತ್ತ ಗಂಡಸರ ಜಗತ್ತಿನ ದೊಡ್ಡ ಗುಂಪುಗಳಲ್ಲಿ ಒಂದು ಭಾರತದ್ದು. ಅವರಿಗೆ ಅದು ತಿಳಿದಿರಲಿಲ್ಲ.

ತಿಳಿದಿದ್ದರೆ ಹೆದರಬೇಕಿತ್ತೇ? 1978ರಲ್ಲಿ ನ್ಯಾನ್ಸಿ ಅಲೆಕ್ಸಾಂಡರ್ ಮತ್ತು ಥಾಮಸ್ ಕ್ಲಾರ್ಕ್‌ಸನ್ ಪ್ರಕಟಿಸಿದ ಕೋತಿಗಳ ಅಧ್ಯಯನ ಹೆದರಿಕೆ ಹುಟ್ಟಿಸಿತ್ತು. ಕೊಬ್ಬಿನ ಆಹಾರ ಕೊಟ್ಟ ಕೋತಿಗಳಲ್ಲಿ ವ್ಯಾಸೆಕ್ಟಮಿ ಆದವುಗಳ ರಕ್ತನಾಳಗಳು ಹೆಚ್ಚು ಕಟ್ಟಿಕೊಂಡಿದ್ದವು. ಪ್ರತಿಕಾಯ ಮತ್ತು ವೀರ್ಯಾಣುವಿನ ಚೂರುಗಳು ಸೇರಿ ನಾಳಗಳ ಗೋಡೆಯನ್ನು ಕೆಡಿಸುತ್ತವೆಯೇ ಎಂಬ ಅನುಮಾನ ಎದ್ದಿತು. ಮನುಷ್ಯರಲ್ಲಿ ಅದು ನಿಜವಾಗಲಿಲ್ಲ. 1984ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಆಪರೇಷನ್ ಆದ 10,590 ಗಂಡಸರನ್ನು ಆಗದವರ ಜೊತೆ ಹೋಲಿಸಿ ನೋಡಿದಾಗ ಹೃದಯರೋಗ ಹೆಚ್ಚಿರಲಿಲ್ಲ. ನಾಳವನ್ನು ಮತ್ತೆ ಜೋಡಿಸಿಕೊಂಡವರ ಕಥೆಯೂ ಸಮಾಧಾನ ಕೊಡುವಂಥದ್ದೇ. 1991ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ, ಆಪರೇಷನ್ ಆಗಿ ಮೂರು ವರ್ಷದೊಳಗೆ ಮರುಜೋಡಣೆ ಮಾಡಿಸಿಕೊಂಡವರಲ್ಲಿ ನೂರಕ್ಕೆ 76 ಮಂದಿಯ ಹೆಂಡತಿಯರು ಗರ್ಭಿಣಿಯರಾದರು. ಹದಿನೈದು ವರ್ಷ ದಾಟಿದವರಲ್ಲಿ ಅದು 30ಕ್ಕೆ ಇಳಿದಿತ್ತು. ಮರುಜೋಡಣೆಯ ನಂತರವೂ ಬಹಳ ಮಂದಿಯ ರಕ್ತದಲ್ಲಿ ಪ್ರತಿಕಾಯ ಉಳಿದೇ ಇರುತ್ತದೆ, ಆದರೂ ತಂದೆಯಾಗುವವರು ಇಷ್ಟು ಮಂದಿ. ಬಲವಂತದ ನೆನಪಿಗೆ ಇಂಥ ಅರೆಬರೆ ಭಯಗಳೂ ಸೇರಿ ಭಾರತದ ಗಂಡಸು ವ್ಯಾಸೆಕ್ಟಮಿಯಿಂದ ದೂರ ಸರಿದ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹೆಂಗಸರ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದ ದಂಪತಿಗಳು ನೂರಕ್ಕೆ ಸುಮಾರು 38. ಗಂಡಸರದು 0.3. ಚಿಕ್ಕ ಆಪರೇಷನ್ ಗಂಡಸಿನದು, ಹೊಟ್ಟೆ ಕೊಯ್ಯಿಸಿಕೊಳ್ಳುವವಳು ಹೆಂಗಸು. ಇದು ಸರಿಯಲ್ಲ.

ಮಗು ಬೇಕೆನ್ನುವವರ ಕಡೆ ಚಿಕಿತ್ಸೆಯ ಹಾದಿ ಸ್ಟೆರಾಯ್ಡ್‌ನಿಂದ ಶುರುವಾಯಿತು. ಪ್ರತಿಕಾಯ ತಗ್ಗಿಸಲು 1970ರ ದಶಕದಿಂದ ಗಂಡಸರಿಗೆ ಸ್ಟೆರಾಯ್ಡ್ ಗುಳಿಗೆಗಳನ್ನು ಕೊಡತೊಡಗಿದರು. ಲಂಡನ್ನಿನ ವಿಲಿಯಂ ಹೆಂಡ್ರಿ ತಂಡ 1990ರಲ್ಲಿ, ಗುಳಿಗೆ ನುಂಗಿದ ತಿಂಗಳುಗಳಲ್ಲಿ ಹುಸಿಗುಳಿಗೆಯ ತಿಂಗಳುಗಳಿಗಿಂತ ಹೆಚ್ಚು ಗರ್ಭಧಾರಣೆಯಾಯಿತೆಂದು ವರದಿ ಮಾಡಿತು. ಬೇರೆಯವರ ಪ್ರಯೋಗಗಳಲ್ಲಿ ಅಂಥ ಲಾಭ ಕಾಣಲಿಲ್ಲ. ಸ್ಟೆರಾಯ್ಡ್‌ನ ತೊಂದರೆಗಳು ಮಾತ್ರ ಎಲ್ಲೆಡೆ ಕಂಡವು. ಅವುಗಳಲ್ಲಿ ಅಪರೂಪದ್ದಾದರೂ ಭೀಕರವಾದದ್ದು ಸೊಂಟದ ಕೀಲಿನ ಮೂಳೆ ಸಾಯುವುದು. ಮಗುವಿನಾಸೆಗೆ ಒಬ್ಬ ಆರೋಗ್ಯವಂತ ಯುವಕ ಕುಂಟುವಂತಾಗುವುದು ಯಾವ ವೈದ್ಯರಿಗೂ ಒಪ್ಪಿಗೆಯಾಗುವ ಬೆಲೆಯಲ್ಲ.

ಹಾದಿ ಬದಲಾದದ್ದು ಬ್ರಸೆಲ್ಸ್‌ನಲ್ಲಿ. ಒಂದೇ ಒಂದು ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಕ್ಕೆ ಸೇರಿಸುವ ಇಕ್ಸಿ ವಿಧಾನದಿಂದ ಗರ್ಭಧಾರಣೆಯಾದುದನ್ನು 1992ರಲ್ಲಿ ಜಾನ್‌ಪಿಯೆರೊ ಪಲೆರ್ಮೊ ಮತ್ತು ಸಂಗಡಿಗರು ಪ್ರಕಟಿಸಿದರು. ಲೋಳೆಯನ್ನು ದಾಟಬೇಕಿಲ್ಲ, ಅಂಡಾಣುವಿನ ಪೊರೆಯನ್ನು ಕೊರೆಯಬೇಕಿಲ್ಲ. ಪ್ರತಿಕಾಯ ಅಡ್ಡಗಟ್ಟುತ್ತಿದ್ದ ಎಲ್ಲ ಜಾಗಗಳನ್ನೂ ಸೂಜಿ ದಾಟಿಸಿತು. 2011ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಪ್ರನಾಳ ಶಿಶು ಮತ್ತು ಇಕ್ಸಿ ಚಿಕಿತ್ಸೆಗಳಲ್ಲಿ ಗರ್ಭ ನಿಲ್ಲುವುದಕ್ಕೂ ವೀರ್ಯಾಣು ಪ್ರತಿಕಾಯಕ್ಕೂ ಸಂಬಂಧ ಕಾಣಲಿಲ್ಲ. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಸೂಜಿ ಬಂದ ಮೇಲೆ ಪ್ರತಿಕಾಯವನ್ನು ಹುಡುಕುವ ಗೋಜಿಗೆ ಹೋಗುವವರು ಕಡಿಮೆಯಾದರು. ಅಗ್ಗದ ಒಂದು ಪರೀಕ್ಷೆಯಿಂದ ಕಾರಣ ತಿಳಿಯಬಹುದಾಗಿದ್ದ ದಂಪತಿಗಳೂ ಲಕ್ಷಗಟ್ಟಲೆ ರೂಪಾಯಿಯ ಚಿಕಿತ್ಸೆಗೆ ನೇರವಾಗಿ ಹೋಗುವಂತಾಯಿತು.

ಅತ್ತ, ಬೇಡವೆನ್ನುವವರಿಗಾಗಿ ಲಸಿಕೆ ಹುಡುಕುವ ಕೆಲಸ ನಿಂತಿರಲಿಲ್ಲ. ಇಡೀ ವೀರ್ಯಾಣುವನ್ನು ಚುಚ್ಚುವ ಒರಟು ಉಪಾಯ ಬಿಟ್ಟು, ಅದರ ಮೈಮೇಲಿನ ಒಂದೊಂದೇ ಪ್ರೋಟೀನನ್ನು ಆರಿಸಿಕೊಂಡರು. 1988ರಲ್ಲಿ ಪಾಲ್ ಪ್ರಿಮಾಕಾಫ್ ತಂಡ ಪಿಎಚ್-20 ಎಂಬ ಪ್ರೋಟೀನಿನಿಂದ ಗಿನಿಪಿಗ್‌ಗಳನ್ನು ಪೂರ್ತಿ ಬಂಜೆಯಾಗಿಸಿತು, ತಿಂಗಳುಗಳ ಬಳಿಕ ಅವು ಮತ್ತೆ ಮರಿ ಹಾಕಿದವು. ಬೇರೆ ಪ್ರಾಣಿಗಳಲ್ಲಿ ಅದೇ ಫಲ ಸಿಗಲಿಲ್ಲ. 2004ರಲ್ಲಿ ಮೈಕೆಲ್ ಒರ್‍ಯಾಂಡ್ ತಂಡ ಎಪ್ಪಿನ್ ಎಂಬ ಪ್ರೋಟೀನನ್ನು ಒಂಬತ್ತು ಗಂಡು ಕೋತಿಗಳಿಗೆ ಚುಚ್ಚಿತು. ಪ್ರತಿಕಾಯ ಚೆನ್ನಾಗಿ ಹುಟ್ಟಿದ ಏಳೂ ಕೋತಿಗಳು ಸಂತಾನ ಹುಟ್ಟಿಸಲಿಲ್ಲ, ಚುಚ್ಚುಮದ್ದು ನಿಂತ ಮೇಲೆ ಐದಕ್ಕೆ ಶಕ್ತಿ ಮರಳಿತು, ಎರಡಕ್ಕೆ ಮರಳಲಿಲ್ಲ. ದೆಹಲಿಯ ರಾಷ್ಟ್ರೀಯ ಪ್ರತಿರಕ್ಷಾ ವಿಜ್ಞಾನ ಸಂಸ್ಥೆಯಲ್ಲಿ ಅನಿಲ್ ಸೂರಿ ಎಸ್‌ಪಿಎಜಿ9 ಎಂಬ ವೀರ್ಯಾಣು ಪ್ರೋಟೀನಿನ ಮೇಲೆ ದುಡಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಆರ್. ಮೌದ್ಗಲ್ ಹಿಡಿದದ್ದು ಬೇರೆ ದಾರಿ. ವೀರ್ಯಾಣುವನ್ನು ಮುಟ್ಟದೆ, ಅದರ ತಯಾರಿಕೆಗೆ ಪ್ರಚೋದನೆ ಕೊಡುವ ಎಫ್‌ಎಸ್‌ಎಚ್ ಹಾರ್ಮೋನಿನ ವಿರುದ್ಧ ಪ್ರತಿಕಾಯ ಹುಟ್ಟಿಸುವುದು. ನಮ್ಮ ಕಡೆಯ ಮಂಗಗಳಲ್ಲಿ ದಶಕಗಳ ಕಾಲ ನಡೆದ ಆ ಕೆಲಸ, 1997ರಲ್ಲಿ ಪ್ರಕಟವಾದ ಐವರು ಸ್ವಯಂಸೇವಕರ ಪ್ರಯೋಗದ ತನಕ ಬಂತು.

ವೀರ್ಯಾಣುವಿನ ವಿರುದ್ಧದ ಯಾವ ಲಸಿಕೆಯೂ ಔಷಧದಂಗಡಿ ಸೇರಲಿಲ್ಲ. ಒಬ್ಬೊಬ್ಬರ ಮೈ ಒಂದೊಂದು ಪ್ರಮಾಣದಲ್ಲಿ ಪ್ರತಿಕಾಯ ತಯಾರಿಸುತ್ತದೆ. ಅಷ್ಟೇ ಅಲ್ಲ, ಬೇಡವೆನಿಸಿದ ದಿನ ನಿಲ್ಲಿಸಲು ಬರುವುದಿಲ್ಲ. 1990ರ ದಶಕದಲ್ಲಿ ಭಾರತದ್ದೂ ಸೇರಿದಂತೆ ಹಲವು ದೇಶಗಳ ಮಹಿಳಾ ಸಂಘಟನೆಗಳು ಗರ್ಭನಿರೋಧಕ ಲಸಿಕೆಗಳ ಸಂಶೋಧನೆಯನ್ನೇ ನಿಲ್ಲಿಸಬೇಕೆಂದು ಒತ್ತಾಯಿಸಿದವು. ತುರ್ತುಪರಿಸ್ಥಿತಿಯನ್ನು ಕಂಡ ದೇಶದಲ್ಲಿ ಆ ಆತಂಕಕ್ಕೆ ಬಲವಾದ ಆಧಾರವಿತ್ತು. ಒಂದು ಚುಚ್ಚುಮದ್ದನ್ನು ಏನೆಂದು ಹೇಳದೆಯೂ ಕೊಟ್ಟುಬಿಡಬಹುದು.

ಮೈಯಲ್ಲಿ ಪ್ರತಿಕಾಯ ಹುಟ್ಟಿಸುವ ಬದಲು ಹುಟ್ಟಿದ ಪ್ರತಿಕಾಯವನ್ನೇ ಹೊರಗೆ ತಯಾರಿಸಿ, ಬೇಕಾದ ದಿನ ಮಾತ್ರ ಬಳಸಿದರೆ? ಈ ಯೋಚನೆಗೆ ಬೇಕಾದ ಸಾಮಗ್ರಿ ಜಪಾನಿನಲ್ಲಿ ಮೊದಲೇ ಸಿದ್ಧವಾಗಿತ್ತು. 1987ರಲ್ಲಿ ಇಸೊಜಿಮಾ ತಂಡ, ರಕ್ತದಲ್ಲಿ ಬಲವಾದ ವೀರ್ಯಾಣು ಪ್ರತಿಕಾಯವಿದ್ದು ಮಕ್ಕಳಾಗದ ಹೆಂಗಸೊಬ್ಬಳ ರೋಗನಿರೋಧಕ ಕಣಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಆ ಒಂದೇ ಪ್ರತಿಕಾಯವನ್ನು ನಿರಂತರವಾಗಿ ತಯಾರಿಸುವಂತೆ ಮಾಡಿತ್ತು. ಅದು ಹಿಡಿಯುವುದು ಸಿಡಿ52 ಎಂಬ ಪ್ರೋಟೀನಿನ ಒಂದು ವಿಶೇಷ ರೂಪವನ್ನು. ವೀರ್ಯಾಣು ವೃಷಣದಿಂದ ಹೊರಟು ಮುಂದಿನ ನಾಳಗಳಲ್ಲಿ ಸಾಗುವಾಗ ಅದರ ಮೈಗೆ ಮೆತ್ತಿಕೊಳ್ಳುವ ವಸ್ತು ಅದು, ಹೆಂಗಸಿನ ಅಂಗಾಂಶಗಳಲ್ಲಿ ಆ ರೂಪ ಇಲ್ಲ.

ಬಾಸ್ಟನ್ನಿನ ಡೆಬೊರಾ ಆಂಡರ್ಸನ್ ಮತ್ತು ಸಂಗಡಿಗರು ಈ ಪ್ರತಿಕಾಯವನ್ನು ಹೊಗೆಸೊಪ್ಪಿನ ಜಾತಿಯ ಗಿಡದ ಎಲೆಗಳಲ್ಲಿ ತಯಾರಿಸಿದರು. ಉತ್ತರ ಕ್ಯಾರೊಲಿನಾದ ಸ್ಯಾಮ್ಯುಯೆಲ್ ಲಾಯ್ ತಂಡ ಅದಕ್ಕೆ ಇನ್ನಷ್ಟು ಹಿಡಿಕೆಗಳನ್ನು ಸೇರಿಸಿ ಬಲಪಡಿಸಿತು. ಕುರಿಗಳಲ್ಲಿ ಪರೀಕ್ಷಿಸಿದಾಗ ಮುಂದಕ್ಕೆ ಈಜುವ ವೀರ್ಯಾಣುಗಳು ಶೇಕಡಾ 99.9ರಷ್ಟು ಕಡಿಮೆಯಾದವು. ಆಂಡರ್ಸನ್ ತಂಡದ ಪ್ರತಿಕಾಯವನ್ನು ಕರಗುವ ತೆಳು ಹಾಳೆಯಲ್ಲಿ ತುಂಬಿ ಝಡ್‌ಬಿ-06 ಎಂದು ಹೆಸರಿಟ್ಟರು. ಯೋನಿಯೊಳಗೆ ಇಟ್ಟುಕೊಳ್ಳುವ ಈ ಹಾಳೆಯಲ್ಲಿ ಹಾರ್ಮೋನು ಇಲ್ಲ. ಮಗು ಬೇಕೆನಿಸಿದ ದಿನ ಇಡದಿದ್ದರಾಯಿತು. ಮೊದಲ ಹಂತದ ಮಾನವ ಪರೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಭಾಗವಹಿಸಿದ ಹೆಂಗಸರೆಲ್ಲ ಮೊದಲೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಹಾಳೆ ಸೋತರೂ ಅವರಿಗೆ ಅಪಾಯವಿರಲಿಲ್ಲ. ದಂಪತಿ ಕೂಡಿದ ಬಳಿಕ ಗರ್ಭಕೊರಳಿನ ಲೋಳೆಯನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಎಣಿಸಿದರು. ಹಾಳೆಯಿಲ್ಲದಾಗ ಒಂದು ನೋಟದಲ್ಲಿ ಸರಾಸರಿ ಇಪ್ಪತ್ತೈದರ ಆಸುಪಾಸಿನಲ್ಲಿದ್ದ ಮುಂಚಲನೆಯ ವೀರ್ಯಾಣುಗಳು, ಹಾಳೆ ಇಟ್ಟಾಗ ಸೊನ್ನೆಗೆ ತೀರ ಹತ್ತಿರ ಬಂದವು. ಹೀಗೆ ಲೋಳೆಯನ್ನು ತೆಗೆದು ನೋಡುವುದು ಹತ್ತೊಂಬತ್ತನೆಯ ಶತಮಾನದಿಂದ ಮಕ್ಕಳಿಲ್ಲದ ಹೆಂಗಸರ ಮೇಲೆ ಮಾಡುತ್ತ ಬಂದ ಪರೀಕ್ಷೆಯೇ. ಪರೀಕ್ಷೆ ಪೂರ್ತಿ ಮುಗಿಸಿದ ದಂಪತಿಗಳು ಬೆರಳೆಣಿಕೆಯಷ್ಟು. ನೂರಾರು ಹೆಂಗಸರು ತಿಂಗಳುಗಟ್ಟಲೆ ಬಳಸಿ ನೋಡುವ ಹಂತ ಇನ್ನೂ ಮುಂದಿದೆ.